ಖಾಲಿ ಟ್ಯಾಂಕಿನ ತಿಂಗಳು

ಪ್ರವಾಸದ ಆಫೀಸು ನಡೆಸುವವರು ಗಿರಾಕಿಯನ್ನು ಮೊದಲು ಕೇಳುವುದು ಒಂದೇ: ಯಾವ ತಿಂಗಳಲ್ಲಿ ಹೋಗಬೇಕು ಅಂತಿದ್ದೀರಿ? ರಾಮನಗರದ ಬಸ್ ಸ್ಟ್ಯಾಂಡ್ ಹತ್ತಿರ ಮೊದಲ ಮಹಡಿಯಲ್ಲಿರುವ ನನ್ನ ಆಫೀಸಿಗೆ ಬರುವವರಲ್ಲಿ ಮುಕ್ಕಾಲು ಪಾಲು ತಿರುಪತಿಗೆ ಹೋಗುವವರು, ಕಾಶಿಗೆ ಹೋಗುವವರು, ಅಪರೂಪಕ್ಕೊಬ್ಬರು ದುಬೈಗೆ. ಹಾಗಾಗಿ ಕಾರ್ತಿಕದ ಒಂದು ಬೆಳಿಗ್ಗೆ ಗುಡೇಮಾರನಹಳ್ಳಿಯಿಂದ ಬಂದ ಅತ್ತೆ ಸೊಸೆಯರಲ್ಲಿ ಸೊಸೆ ಫೋನು ಮುಂದೆ ಹಿಡಿದು ಬೋರ್ಡೋ ಎಂಬ ಹೆಸರು ತೋರಿಸಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಫ್ರಾನ್ಸಿನ ವೈನ್ ಊರು. ಅಂಥ ಊರಿಗೆ ಟಿಕೆಟ್ ಮಾಡಿ ಎಷ್ಟು ಕಾಲವಾಗಿತ್ತೋ. ನನ್ನ ಬಾಯಿ ಮೊದಲೇ ಜೋರು. ಎದುರಿಗಿರುವವರ ಮುಖ ಸರಿಯಾಗಿ ನೋಡುವ ಮೊದಲೇ ಶುರು ಹಚ್ಚಿಕೊಂಡೆ.

"ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಅದೇ ಬೆಸ್ಟ್ ಸೀಸನ್ ಕಣಮ್ಮ. ದ್ರಾಕ್ಷಿ ಕೊಯ್ಲು ನಡೀತಿರುತ್ತೆ. ತೋಟ ಎಲ್ಲಾ ಹಳದಿ, ಕೆಂಪು. ಚಳೀನೂ ಇಲ್ಲ, ಸೆಕೇನೂ ಇಲ್ಲ. ಈ ವರ್ಷದ್ದು ಮುಗಿದೋಯ್ತು, ಬರೋ ವರ್ಷಕ್ಕೆ ಈಗಿಂದಲೇ ಬುಕ್ ಮಾಡಿದ್ರೆ..."

"ಆವಾಗ್ಲೇ ಮೇಡಂ ನಮ್ಮೋರು ಅಲ್ಲಿ ತೀರ್ಕಂಡಿದ್ದು" ಎಂದಳು ಸೊಸೆ.

ಅತ್ತೆ ಗೋಡೆಯ ಮೇಲಿದ್ದ ಸ್ವಿಟ್ಜರ್ಲೆಂಡಿನ ಹಿಮದ ಚಿತ್ರವನ್ನೇ ನೋಡುತ್ತಿದ್ದರು. ನಾನು ಎದ್ದು ಫ್ಯಾನು ಹಾಕಿದೆ, ಮತ್ತೆ ಆರಿಸಿದೆ. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಟೀ ತರಿಸುವುದೂ ಹೊಳೆಯಲಿಲ್ಲ.

ಆಮೇಲೆ ಸೊಸೆಯೇ ನಿಧಾನಕ್ಕೆ ಹೇಳಿದಳು. ಅವಳ ಗಂಡ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ವೆಲ್ಡರ್. ಹಾಲಿನ ಡೇರಿಗೆ, ವೈನಿಗೆ ಬೇಕಾಗುವ ದೊಡ್ಡ ಸ್ಟೀಲ್ ಟ್ಯಾಂಕುಗಳನ್ನು ಅಲ್ಲಿ ಮಾಡುತ್ತಾರೆ. ಬೋರ್ಡೋ ಪಕ್ಕದ ಒಂದು ವೈನ್ ತೋಟಕ್ಕೆ ಇಲ್ಲಿಂದ ಟ್ಯಾಂಕುಗಳು ಹೋಗಿದ್ದವು. ಕೊಯ್ಲಿನ ಹೊತ್ತಿನಲ್ಲಿ ಏನಾದರೂ ಸೋರಿದರೆ ಸರಿಮಾಡಲು ಅವನನ್ನೂ ಕಳಿಸಿದ್ದರು. ದಸರಾ ಮುಗಿದ ವಾರ ಒಂದು ಟ್ಯಾಂಕಿನ ಕೆಳಬಾಗಿಲ ಬೆಸುಗೆ ಸೋರುತ್ತಿದೆ ಎಂದು ಕರೆದರು. ಟ್ಯಾಂಕಿನಿಂದ ವೈನು ತೆಗೆದಾಗಿತ್ತು. ಒಳಗೆ ಹುಳಿ ಬಂದ ದ್ರಾಕ್ಷಿಯ ಚರಟ ಮಾತ್ರ ಉಳಿದಿತ್ತು. ಆ ಚರಟದಿಂದ ಏಳುವ ಗಾಳಿಗೆ ಬಣ್ಣವಿಲ್ಲ. ತೂಕದ ಗಾಳಿ, ತಳದಲ್ಲೇ ನಿಲ್ಲುತ್ತದೆ, ಉಸಿರಾಡಿದರೆ ಪ್ರಾಣ ತೆಗೆಯುತ್ತದೆ. ಅವನು ಟಾರ್ಚು ಹಿಡಿದು ಬಗ್ಗಿ, ಬೆಸುಗೆಯನ್ನು ಒಳಗಿನಿಂದ ನೋಡಲು ತಲೆ ಹಾಕಿದ. ಅಷ್ಟೇ.

ಶವದ ಪೆಟ್ಟಿಗೆ ದೀಪಾವಳಿಗೆ ಮುಂಚೆ ಬಂತು. ಅವರ ಹೊಲದ ಅಂಚಿನಲ್ಲೇ ಮಣ್ಣು ಮಾಡಿದರು. ಹಾಲುತುಪ್ಪವೂ ಆಯಿತು, ತಿಥಿಯೂ ಆಯಿತು. ಆದರೆ ಅತ್ತೆಯ ಲೆಕ್ಕದಲ್ಲಿ ಏನೂ ಮುಗಿದಿರಲಿಲ್ಲ.

"ಹೊರ್ಗಡೆ ಸತ್ತೋರ್ಗೆ, ಸತ್ ತಾವಿನ ಮಣ್ಣು ತಂದು ಗುಡ್ಡೆ ಮ್ಯಾಕೆ ಆಕ್ಬೇಕು ಕಣವ್ವ" ಎಂದರು, ಮೊದಲ ಸಲ ನನ್ನ ಕಡೆ ತಿರುಗಿ. "ನಮ್ ಮನ್ತನ್ದಾಗೆ ಅಂಗೇಯ. ನಮ್ ಮಾವ ಕನಕಪುರದ್ ರಸ್ತೇಲಿ ಲಾರಿಗೆ ಸಿಕ್ಕಿ ಓದಾಗ ರಸ್ತೆ ಪಕ್ಕದ್ ಮಣ್ಣು ತಂದಿದ್ರು. ಇಲ್ದಿದ್ರೆ ಪಕ್ಷದಾಗೆ ಎಡೆ ಮಡಗಿದ್ರೆ ಅವ್ನಿಗೆ ಮುಟ್ಟಾಕಿಲ್ಲ. ಉಣ್ಣಾಕೆ ಬರೋ ದಾರಿ ಗೊತ್ತಾಗಾಕಿಲ್ಲ. ಅಲ್ಲೇ ನಿಂತಿರ್ತಾನೆ."

ಮುಂದಿನ ಪಿತೃಪಕ್ಷದೊಳಗೆ ಮಣ್ಣು ಬರಬೇಕು. ಹೋಗುವವಳು ಸೊಸೆ. ಅವಳಿಗೆ ಪಾಸ್‌ಪೋರ್ಟೂ ಇರಲಿಲ್ಲ. ಟಿಕೆಟ್ಟು ಕಾರ್ಖಾನೆಯವರು ಕೊಡುತ್ತಾರಂತೆ, ಉಳಿದದ್ದನ್ನು ನೀವೇ ನೋಡಿಕೊಳ್ಳಿ ಎಂದಿದ್ದಾರಂತೆ. ಪರದೇಶದ ಮಣ್ಣನ್ನು ಹಾಗೆಲ್ಲ ವಿಮಾನದಲ್ಲಿ ತರುವಂತಿಲ್ಲ ಎಂಬುದು ನನಗೆ ಗೊತ್ತಿತ್ತು. ಆ ತಾಯಿಯ ಮುಖ ನೋಡಿಕೊಂಡು ಅದನ್ನು ಹೇಳುವ ಧೈರ್ಯ ಆವತ್ತು ಬರಲಿಲ್ಲ. ಒಂದು ಚಿಟಿಕೆ ತಾನೆ, ಆಮೇಲೆ ನೋಡೋಣ ಅಂದುಕೊಂಡೆ.

ಸೀಸನ್ ಆರಿಸುವುದು ನನಗೆ ಅಂಗೈ ಮೇಲಿನ ಕೆಲಸ. ಏಪ್ರಿಲ್, ಮೇ: ಬಳ್ಳಿ ಚಿಗುರುವ ಕಾಲ. ಬೆಳಗಿನ ಜಾವ ಇಬ್ಬನಿ ಹೆಪ್ಪುಗಟ್ಟಿದರೆ ಚಿಗುರು ಸುಟ್ಟುಹೋಗುತ್ತದೆಂದು ರೈತರು ಸಾಲುಗಳ ನಡುವೆ ಬೆಂಕಿ ಹಾಕುತ್ತಾರೆ. ಹವೆ ಹಿತ, ವೀಸಾ ಸುಲಭ. ಜೂನ್, ಜುಲೈ: ಬಿಸಿಲು, ಹಬ್ಬ, ನದಿಯ ದಂಡೆಯಲ್ಲಿ ಜನಜಾತ್ರೆ. ಆಗಸ್ಟಿನಲ್ಲಿ ಅರ್ಧ ಊರು ಬೀಗ ಹಾಕಿಕೊಂಡು ರಜಕ್ಕೆ ಹೋಗಿರುತ್ತದೆ. ಆಮೇಲೆ ಕೊಯ್ಲು. ನವೆಂಬರಿಂದ ಮಾರ್ಚಿನ ತನಕ ಮಳೆ, ಮಂಜು, ಬೋಳು ತೋಟ. ಆ ತಿಂಗಳುಗಳನ್ನು ನಾನು ಯಾರಿಗೂ ಹೇಳುವುದಿಲ್ಲ.

ವೈನ್ ತೋಟದ ಆಫೀಸಿನ ಹೆಂಗಸಿಗೆ ಮೇಲ್ ಬರೆದೆ. ಅವಳ ಇಂಗ್ಲಿಷು, ನನ್ನ ಇಂಗ್ಲಿಷು ಎರಡೂ ಕುಂಟುವವೇ. ಆದರೂ ಉತ್ತರ ಸ್ಪಷ್ಟವಾಗಿತ್ತು. ಕೊಯ್ಲಿನಲ್ಲಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಆ ಟ್ಯಾಂಕನ್ನು ಸರ್ಕಾರದವರು ತನಿಖೆ ಮುಗಿಸಿ ಬಿಟ್ಟುಕೊಟ್ಟಿದ್ದಾರೆ. ಬೆಸುಗೆ ಬೇರೆಯವರಿಂದ ಸರಿಮಾಡಿಸಿ ಈಗ ಅದರಲ್ಲಿ ವೈನು ತುಂಬಿದ್ದಾರೆ. ಫೆಬ್ರವರಿಯಲ್ಲಿ ಖಾಲಿ ಮಾಡುತ್ತಾರೆ. ಮಾರ್ಚಿಗೆ ಮೊದಲು ಕ್ಷಾರದ ನೀರಿನಲ್ಲಿ ತೊಳೆದು ಮುಂದಿನದಕ್ಕೆ ಸಿದ್ಧ ಮಾಡುತ್ತಾರೆ.

ನಾನು ಸೊಸೆಗೆ ಫೋನು ಮಾಡಿ ಮೇ ತಿಂಗಳು ಒಳ್ಳೆಯದು ಎಂದೆ. ಮಣ್ಣು ತಾನೆ, ಮೇನಲ್ಲೂ ಸಿಗುತ್ತದೆ.

"ಮೇಡಂ, ಆ ಟ್ಯಾಂಕು ಖಾಲಿ ಇರಾದು ಯಾವಾಗ?"

"ಫೆಬ್ರವರಿ. ಆವಾಗ ಬರೀ ಮಳೆ, ಚಳಿ. ಯಾರೂ ಹೋಗಲ್ಲ."

"ಅಂಗಾರೆ ಫೆಬ್ರವರೀನೇ ಮಾಡಿ. ಅವ್ರು ತಲೆ ಇಕ್ಕಿದ್ ತಾವ ನಾನೂ ಒಂದ್ಸಲ ತಲೆ ಇಕ್ಕಿ ನೋಡ್ಬೇಕು. ತೊಳ್ದ್ ಮ್ಯಾಲೆ ಓಗಿ ಏನ್ ಮಾಡ್ಲಿ?"

ಪಾಸ್‌ಪೋರ್ಟು ಬಂತು. ಬೆಂಗಳೂರಿನ ವೀಸಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬೆರಳಚ್ಚು ಕೊಡಿಸಿದೆ. ಹೋಗುವ ಕಾರಣ ಎಂಬ ಜಾಗದಲ್ಲಿ ಪ್ರವಾಸ ಎಂದು ತುಂಬಿದ್ದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಹಾಗೇ ತುಂಬುವುದು. ಸಾವು, ನೋವು ಎಂದು ಬರೆದರೆ ಹತ್ತು ಪ್ರಶ್ನೆ ಬರುತ್ತವೆ. ವೀಸಾ ತಿರಸ್ಕಾರವಾಯಿತು. ಕಾರಣದ ಸಾಲು ಓದಿದೆ: ತಿಳಿಸಿರುವ ಉದ್ದೇಶ ನಂಬುವಂತಿಲ್ಲ.

ಕೂತು ಯೋಚಿಸಿದೆ. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಮಾಗಡಿ ತಾಲ್ಲೂಕಿನ ಹಳ್ಳಿಯ ಹೆಣ್ಣುಮಗಳು, ಕೆಲಸವಿಲ್ಲ, ಗಂಡನಿಲ್ಲ, ಹೆಸರಿನಲ್ಲಿ ಜಮೀನಿಲ್ಲ. ಮೊದಲ ಸಲ ದೇಶ ಬಿಟ್ಟು ಹೊರಟವಳು ವೈನ್ ಊರು ನೋಡಲು ಆರಿಸಿಕೊಂಡದ್ದು ಫೆಬ್ರವರಿ. ಸೀಸನ್ ನೋಡಿದರೆ ಯಾರಿಗಾದರೂ ಅನುಮಾನ ಬರಬೇಕಾದದ್ದೇ. ಅದೇ ಅರ್ಜಿ ಮೇ ತಿಂಗಳಿಗೆ ಹಾಕಿದ್ದರೆ ದಾಟಿಬಿಡುತ್ತಿತ್ತೇನೋ. ಅದನ್ನೇ ಅವಳಿಗೆ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಫೋನಿನ ಆ ತುದಿಯಲ್ಲಿ ಹಿಂದಿನಿಂದ ಹಸು ಕೂಗುವುದು ಕೇಳುತ್ತಿತ್ತು.

"ನಮ್ಮತ್ತೆ ಒಲೆ ತಾವ ಕುಂತ್ಕಂಡು ಅನ್ನಕ್ಕೆ ಇಟ್ಬುಟ್ಟು ಉಣ್ಣದೇ ಬುಡ್ತಾರೆ ಮೇಡಂ. ಅವ್ನು ಹಸ್ಕಂಡ್ ನಿಂತವ್ನೆ, ನಾನೆಂಗೆ ಉಣ್ಣಾದು ಅಂತಾರೆ. ನಂಗೆ ಮಣ್ಣೂ ಬೇಕು, ಆ ಜಾಗಾನೂ ಬೇಕು. ನೀವು ನಿಜಾನೇ ಬರ್ದ್ಬುಡಿ. ಕೊಡ್ದಿದ್ರೆ ಬ್ಯಾಡ."

ನಿಜವನ್ನೇ ಬರೆದೆವು. ಮರಣಪತ್ರ ಇಟ್ಟೆವು, ವೈನ್ ತೋಟದವರ ಆಹ್ವಾನ ಇಟ್ಟೆವು, ಟ್ಯಾಂಕು ತೊಳೆಯುವ ಮೊದಲು ನೋಡಬೇಕಾಗಿದೆ ಎಂದು ಸಾಲಾಗಿ ಬರೆದೆವು. ಜೊತೆಯಲ್ಲಿ ನಾನೂ ಹೋಗುತ್ತೇನೆ ಎಂದು ನನ್ನ ಪಾಸ್‌ಪೋರ್ಟನ್ನೂ ಸೇರಿಸಿದೆ. ಆಫೀಸು ಮುಚ್ಚಿ ಗಿರಾಕಿಯ ಹಿಂದೆ ಹೋಗುವ ಹುಚ್ಚು ನನಗೆ ಹಿಂದೆಂದೂ ಹಿಡಿದಿರಲಿಲ್ಲ. ತೋಟದ ಹೆಂಗಸಿಗೆ, ತೊಳೆಯುವುದನ್ನು ತಡೆಹಿಡಿಯಿರಿ ಎಂದು ಬೇಡಿಕೊಂಡೆ. ಫೆಬ್ರವರಿ ಅರ್ಧ ಕಳೆದ ಮೇಲೆ ವೀಸಾ ಬಂತು.

ಬೋರ್ಡೋದಲ್ಲಿ ಇಳಿದಾಗ ಮಳೆ. ನಮ್ಮ ಮಳೆಯ ಹಾಗೆ ಬಂದು ಹೋಗುವ ಮಳೆಯಲ್ಲ, ಮೂಗಿನ ತುದಿಯಿಂದ ಇಳಿಯುತ್ತಲೇ ಇರುವ ಮಳೆ. ನದಿ ಅಗಲ, ನೀರು ರಾಡಿ. ಹಳದಿ ಕಲ್ಲಿನ ದೊಡ್ಡ ದೊಡ್ಡ ಮನೆಗಳ ಕಿಟಕಿಗಳೆಲ್ಲ ಮುಚ್ಚಿದ್ದವು. ನಾನು ಎಷ್ಟೋ ಜನರಿಗೆ ಹೊಗಳಿದ್ದ ಊರು ಇದೇ. ಹೋಟೆಲಿನಲ್ಲಿ ನಾವಿಬ್ಬರೇ ಇದ್ದಂತಿತ್ತು. ಅವಳು ಮನೆಯಿಂದ ತಂದಿದ್ದ ರಾಗಿ ಹುರಿಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿಕೊಂಡು ತಿಂದಳು, ನನಗೂ ಕೊಟ್ಟಳು. ಮೇಡಂ ಹೋಗಿ ಅಕ್ಕ ಆಗಿದ್ದೆ ಆ ಹೊತ್ತಿಗೆ.

ಮರುದಿನ ತೋಟದವರ ಗಾಡಿ ಬಂತು. ದಾರಿಯ ಎರಡೂ ಬದಿ ಬಳ್ಳಿಗಳನ್ನೆಲ್ಲ ಕತ್ತರಿಸಿದ್ದರು. ಕಪ್ಪು ಮೋಟುಗಳು ಸಾಲು ಸಾಲು, ನಡುವೆ ನೀರು.

"ನಮ್ ಇಪ್ನೇರಳೆ ತ್ವಾಟ ಕೊಯ್ದಂಗೈತಲ್ಲಕ್ಕ" ಎಂದಳು. "ನಮ್ಮೋರು ಫೋನ್ನಾಗೆ ತೋರ್ಸಿದಾಗ ಇಂಗಿರ್ನಿಲ್ಲ. ಗೊಂಚಲು ಗೊಂಚಲು ಇತ್ತು. ಬರೋ ವರ್ಸ ನಿನ್ನೂ ಕರ್ಕಂಬತ್ತೀನಿ, ಇದೇ ತಿಂಗ್ಳಲ್ಲಿ ಬರ್ಬೇಕು ಅಂದಿದ್ರು."

ನಾನು ಕಿಟಕಿಯ ಗಾಜಿನ ಮಂಜನ್ನು ಒರೆಸಿದೆ.

ವೈನ್ ಮನೆಯ ಉಸ್ತುವಾರಿ ಐವತ್ತರ ಆಸುಪಾಸಿನ ಮನುಷ್ಯ. ಬಾಗಿಲಲ್ಲೇ ಟೋಪಿ ತೆಗೆದು ನಿಂತಿದ್ದ. ಆಫೀಸಿನ ಹೆಂಗಸು ಅವನ ಮಾತನ್ನು ಇಂಗ್ಲಿಷಿಗೆ ತರುತ್ತಿದ್ದಳು, ನಾನು ಅದನ್ನು ಕನ್ನಡಕ್ಕೆ. ಒಳಗೆ ಹೋದ ಕೂಡಲೇ ನಾನು ನೆಲ ನೋಡಿದೆ. ನೆಲವೆಲ್ಲ ಕಾಂಕ್ರೀಟು. ಅದರ ಮೇಲೆ ಬೂದು ಬಣ್ಣದ ಲೇಪ, ಅದನ್ನೂ ಆಗ ತಾನೇ ತೊಳೆದಿದ್ದರು. ಟ್ಯಾಂಕುಗಳು ಸ್ಟೀಲಿನವು, ಸ್ಟೀಲಿನ ಕಾಲುಗಳ ಮೇಲೆ ನಿಂತಿದ್ದವು. ಇಡೀ ಕಟ್ಟಡದಲ್ಲಿ ಒಂದು ಚಿಟಿಕೆ ಮಣ್ಣಿರಲಿಲ್ಲ.

ಇಷ್ಟು ತಿಂಗಳು ಮಣ್ಣು ಮಣ್ಣು ಎಂದು ಓಡಾಡಿದ ನಾವು ಮೂವರು ಹೆಂಗಸರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಸತ್ತ ಜಾಗ ಎಂದರೆ ಕಾಲ ಕೆಳಗೆ ನೆಲ ಇರಬೇಕು, ನೆಲ ಎಂದರೆ ಮಣ್ಣಿರಬೇಕು. ನಮಗೆ ಗೊತ್ತಿದ್ದದ್ದು ಅಷ್ಟೇ. ಅವಳು ಸೆರಗಿನ ಗಂಟಿನಿಂದ ಸ್ಟೀಲಿನ ಪುಟ್ಟ ಡಬ್ಬಿಯನ್ನು ಆಗಲೇ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಅತ್ತೆ ಕುಂಕುಮ ಹಾಕಿಡುತ್ತಿದ್ದ ಡಬ್ಬಿ ಅದು.

ನಾನು ಉಸ್ತುವಾರಿಗೆ ವಿಷಯ ಹೇಳಿಸಿದೆ. ಅವನು ಹೊರಗೆ ಹೋಗಿ ಬಳ್ಳಿಯ ಬುಡದಿಂದ ಒಂದು ಹಿಡಿ ಒದ್ದೆ ಮಣ್ಣು ತಂದು ಅಂಗೈ ಚಾಚಿದ. ತಗೊಂಡುಬಿಡು ಎಂದು ನನ್ನ ಬಾಯಿಗೆ ಬಂದಿತ್ತು. ಅತ್ತೆಗೆ ಏನು ಗೊತ್ತಾಗುತ್ತದೆ? ಎಷ್ಟೋ ತಿಂಗಳ ನಂತರ ಆ ಮುದುಕಿ ಒಂದು ತುತ್ತು ನೆಮ್ಮದಿಯಾಗಿ ಉಣ್ಣಬಹುದು. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಸಿಕ್ಕಿಬಿದ್ದೆವು.

"ಬ್ಯಾಡಕ್ಕ" ಎಂದಳು ಅವಳು. "ಅವ್ರು ಅಲ್ಲಿ ಸಾಯ್ನಿಲ್ಲ. ಸುಳ್ ಮಣ್ಣು ಆಕಿದ್ರೆ ಅವ್ರು ಆ ತ್ವಾಟಕ್ಕೋಗಿ ನಿಂತ್ಕತಾರೆ."

ಉಸ್ತುವಾರಿ ಮಣ್ಣನ್ನು ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಹೊರಗೆ ಹೋಗಿ ಬಳ್ಳಿಯ ಬುಡಕ್ಕೇ ಹಾಕಿ ಬಂದ.

ಟ್ಯಾಂಕು ತೆಗೆಯುವುದಕ್ಕೆ ಒಂದು ಕ್ರಮವಿತ್ತು. ಮೊದಲು ಮೇಲಿನ ಮುಚ್ಚಳ, ಆಮೇಲೆ ಮೊಣಕಾಲೆತ್ತರದ ಕೆಳಬಾಗಿಲು. ಒಂದು ದೊಡ್ಡ ಪಂಪಿನಿಂದ ಬಹಳ ಹೊತ್ತು ಒಳಗೆ ಗಾಳಿ ಊದಿದರು. ಉಸ್ತುವಾರಿ ಹಳದಿ ಬಣ್ಣದ ಸಣ್ಣ ಮೀಟರನ್ನು ಕೋಲಿಗೆ ಕಟ್ಟಿ ಒಳಗೆ ಇಳಿಸಿ, ತಳಕ್ಕೆ ಮುಟ್ಟಿಸಿ, ಕಾದು, ಹೊರತೆಗೆದು ನೋಡಿದ. ಅದನ್ನೇ ಬಿಚ್ಚಿ ಅವಳ ಸ್ವೆಟರಿಗೆ ಸಿಕ್ಕಿಸಿದ. ಗಾಳಿ ಕೆಟ್ಟರೆ ಅದು ಕೂಗುತ್ತದಂತೆ.

"ಅವತ್ತು ಇದು ಎಲ್ಲಿತ್ತು ಅಂತ ಕೇಳಕ್ಕ."

ನಾನು ಕೇಳಿದೆ. ಆಫೀಸಿನ ಹೆಂಗಸು ತಕ್ಷಣ ಅನುವಾದ ಮಾಡಲಿಲ್ಲ. ಮಾಡಿದ ಮೇಲೆ ಉಸ್ತುವಾರಿ ಬಾಗಿಲ ಪಕ್ಕದ ಗೋಡೆಯನ್ನು ತೋರಿಸಿದ. ಅಲ್ಲೊಂದು ಮೊಳೆ ಇತ್ತು. ಅವತ್ತು ಮೀಟರು ಅಲ್ಲೇ ನೇತಾಡುತ್ತಿತ್ತು. ಇವಳ ಗಂಡ ಹೊರಗಿನಿಂದ ಬಂದ ವೆಲ್ಡರ್, ಅವನ ಕೆಲಸ ಟ್ಯಾಂಕಿನ ಹೊರಗೆ. ಒಳಗೆ ಹೋಗುವವರಿಗೆ ಮಾತ್ರ ಮೀಟರು. ಅವನು ಒಳಗೆ ಹೋಗಿರಲಿಲ್ಲ, ತಲೆ ಮಾತ್ರ ಹಾಕಿದ್ದ. ಹಾರೋಹಳ್ಳಿಯವರು ಇದನ್ನೆಲ್ಲ ಹೇಳಿ ಕಳಿಸಿರುತ್ತಾರೆ ಅಂತ ಇವರು ಅಂದುಕೊಂಡಿದ್ದರು. ಅಲ್ಲಿಗೆ ಹೋದ ಮೇಲೆ ಅವರೇ ಹೇಳುತ್ತಾರೆ ಅಂತ ಹಾರೋಹಳ್ಳಿಯವರು. ಕನ್ನಡಕ್ಕೆ ತರುವಾಗ ನನಗೆ ಸಿಟ್ಟು ಬಂತು. ಯಾರ ಮೇಲೆ ರೇಗಬೇಕೆಂದೂ ತಿಳಿಯಲಿಲ್ಲ. ಎದುರಿಗಿದ್ದವನು ಅಳುತ್ತಿದ್ದ.

ಅವಳು ಮಂಡಿಯೂರಿದಳು. ಬಾಗಿಲ ಸುತ್ತಿನ ಬೆಸುಗೆಯ ಮೇಲೆ ಬೆರಳಾಡಿಸಿದಳು. ಒಂದು ಸುತ್ತು ಪೂರ್ತಿ. ಆಮೇಲೆ ಫೋನಿನ ಟಾರ್ಚು ಹಾಕಿ ತಲೆಯನ್ನು ಒಳಗೆ ಇಟ್ಟಳು. ನಾನು ಅವಳ ಸ್ವೆಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಮೀಟರು ಕೂಗಲಿಲ್ಲ. ಒಳಗಿನಿಂದ ಅವಳ ಉಸಿರು ದೊಡ್ಡದಾಗಿ ಕೇಳುತ್ತಿತ್ತು.

"ಅಕ್ಕ, ಒಳ್ಗಡೆ ಏನೋ ಅಂಟ್ಕಂಡೈತೆ. ಉಪ್ಪಿದ್ದಂಗೆ."

ಉಸ್ತುವಾರಿ ವಿವರಿಸಿದ. ಚಳಿಗಾಲದಲ್ಲಿ ವೈನು ತಣ್ಣಗಾದಾಗ ಅದರ ಹುಳಿ ಹರಳುಗಟ್ಟಿ ಗೋಡೆಗೆ ಅಂಟಿಕೊಳ್ಳುತ್ತದೆ. ಕೊಯ್ಲಿನಲ್ಲಿ ಇರುವುದಿಲ್ಲ. ತೊಳೆದ ಮೇಲೂ ಇರುವುದಿಲ್ಲ. ಖಾಲಿ ಮಾಡಿದ ಮೇಲೆ, ತೊಳೆಯುವ ಮೊದಲು, ಈ ನಡುವೆ ಮಾತ್ರ.

ಅವಳು ತೋಳು ಒಳಗೆ ಹಾಕಿ ಬಾಗಿಲ ಅಂಚಿನ ಒಳಬದಿಯನ್ನು ಉಗುರಿನಿಂದ ಕೆರೆದಳು. ಕೆಂಪು ಮಿಶ್ರಿತ ನೇರಳೆ ಬಣ್ಣದ ಹರಳುಗಳು ಚೂರುಚೂರಾಗಿ ಅಂಗೈಗೆ ಉದುರಿದವು. ಡಬ್ಬಿ ಅರ್ಧ ತುಂಬುವ ತನಕ ಕೆರೆದಳು. ಉಗುರಿನ ಸಂದಿಯಲ್ಲಿ ರಕ್ತ ಬಂದಿತ್ತು. 

ವಿಮಾನ ನಿಲ್ದಾಣದಲ್ಲಿ ಆ ಡಬ್ಬಿಯನ್ನು ಯಾರೂ ಕೇಳಲಿಲ್ಲ.

ಬಂದ ಮಾರನೆಯ ದಿನ ಗುಡೇಮಾರನಹಳ್ಳಿಗೆ ನಾನೇ ಬಿಟ್ಟುಬಂದೆ. ಅತ್ತೆ ಜಗಲಿಯ ಮೇಲೆ ಕಾಯುತ್ತಿದ್ದರು. ಸೊಸೆಯ ಮುಖವನ್ನೂ ನೋಡದೆ ಕೈ ಚಾಚಿದರು. ಡಬ್ಬಿ ತೆಗೆದು ಅಂಗೈಗೆ ಸುರಿದುಕೊಂಡರು. ಬಿಸಿಲಿಗೆ ಹಿಡಿದರು.

"ಇದೇನವ್ವ? ಮಣ್ಣೆಲ್ಲಿ?"

"ಅಲ್ಲಿ ಮಣ್ಣಿಲ್ಲ ಅತ್ತೆ. ನೆಲ ಎಲ್ಲಾ ಸಿಮೆಂಟು. ಅವ್ರು ತಲೆ ಇಕ್ಕಿದ್ ಟ್ಯಾಂಕಿನ ಒಳ್ಗಿಂದು ಇದು. ಆ ಗ್ವಾಡೆದು."

"ಒಸಿ ಕೂಡ ಇಲ್ವಾ?"

"ಒಸೀನೂ ಇಲ್ಲ."

ಅತ್ತೆ ಒಂದು ಹರಳನ್ನು ನಾಲಗೆಗೆ ಮುಟ್ಟಿಸಿದರು. ಬೇಡ ಎನ್ನುವಷ್ಟರಲ್ಲಿ ಮುಟ್ಟಿಸಿಯಾಗಿತ್ತು. ಹುಣಸೆಯ ಹುಳಿಯೂ ಅದೇ ಜಾತಿಯ ಹುಳಿಯಂತೆ, ನನಗೆ ಆಮೇಲೆ ತಿಳಿಯಿತು. ಅವರ ಮುಖ ಹಿಂಡಿಕೊಂಡಿತು. ಅಂಗೈ ಮುಚ್ಚಿಕೊಂಡರು.

"ಮಣ್ಣೇ ಇಲ್ದಿರೋ ತಾವ್ಕೆ ನನ್ ಮಗನ್ನ ಕಳಿಸ್ಬುಟ್ನಲ್ಲವ್ವ" ಎಂದರು.

ಸೊಸೆ ಅವರ ಪಕ್ಕ ಕೂತಳು. ಇಬ್ಬರೂ ಅಳಲಿಲ್ಲ. ನಾನು ಹೊಲದ ಕಡೆ ತಿರುಗಿ ನಿಂತುಕೊಂಡೆ. ಸಂಜೆ ಅತ್ತೆಯೇ ಎದ್ದು ಹೋಗಿ ಗುಡ್ಡೆಯ ತಲೆಯ ಕಡೆ ಸಣ್ಣ ಗುಂಡಿ ತೋಡಿ, ಹರಳನ್ನು ಹಾಕಿ, ಮೇಲೆ ನಮ್ಮ ಕೆಂಪು ಮಣ್ಣು ಎಳೆದರು.

ಆಗಸ್ಟಿನ ಕೊನೆಯಲ್ಲಿ ಹಾರೋಹಳ್ಳಿಯ ಕಾರ್ಖಾನೆಯಿಂದ ಫೋನು ಬಂತು. ಕೊಯ್ಲಿಗೆ ಇಬ್ಬರು ವೆಲ್ಡರುಗಳನ್ನು ಕಳಿಸಬೇಕು, ಅದೇ ಊರು, ಅದೇ ತೋಟ. ನಿಮಗೆ ದಾರಿ ಗೊತ್ತಿದೆಯಲ್ಲ ಮೇಡಂ ಎಂದ ಆಫೀಸಿನವನು. ಗಾಳಿಯ ಮೀಟರು ಕೊಟ್ಟು ಕಳಿಸುತ್ತೀರಾ ಎಂದು ಕೇಳಿದೆ. ಅದೆಲ್ಲ ಅಲ್ಲಿಯವರು ನೋಡ್ಕೋತಾರೆ ಎಂದ. ಮೀಟರು ಕೊಂಡಮೇಲೆ ಫೋನು ಮಾಡಿ ಎಂದೆ. ಅವನು ಮತ್ತೆ ಮಾಡಲಿಲ್ಲ. ಟಿಕೆಟ್ಟು ಬಿಡದಿಯ ಇನ್ನೊಬ್ಬ ಏಜೆಂಟನ ಹತ್ತಿರ ಆಯಿತೆಂದು ಕೇಳಿದೆ.

ಪಿತೃಪಕ್ಷ ಬಂತು. ನಮಗೆ ಹಿರಿಯರ ಕಾಲ, ಅಲ್ಲಿ ಕೊಯ್ಲಿನ ಕಾಲ. ಎಡೆಗೆ ನನ್ನನ್ನೂ ಕರೆದಿದ್ದರು. ಕಳಶದ ಮುಂದೆ ಅವನ ಹೊಸ ಅಂಗಿ, ಪಂಚೆ, ಬಾಳೆಲೆಯ ಮೇಲೆ ಮುದ್ದೆ, ಬಾಡಿನ ಸಾರು, ಕಜ್ಜಾಯ, ಹುಣಸೆ ತೊಕ್ಕು. ಧೂಪ ಹಾಕಿ, ಅವನು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತೆವು. ಅವನ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರು ಬಂದಿದ್ದರು. ಬೋರ್ಡೋಗೆ ಹೊರಡುವವರು ಅವರೇ. ಪಕ್ಷದಲ್ಲಿ ಯಾರೂ ದೂರದ ದಾರಿ ಹಿಡಿಯುವುದಿಲ್ಲ, ಆದರೆ ಕೊಯ್ಲು ಕಾಯುವುದಿಲ್ಲವೆಂದು ಕಾರ್ಖಾನೆಯವರು ಹೇಳಿದ್ದರಂತೆ.

ಒಳಗೆ ಹೋದ ಮೇಲೆ ಅತ್ತೆ ಆ ಇಬ್ಬರನ್ನೂ ಮೊದಲ ಪಂಕ್ತಿಗೆ ಕೂರಿಸಿದರು. ತಾವೇ ಮುದ್ದೆ ಇಟ್ಟು ಸಾರು ಬಿಟ್ಟರು. ಸೊಸೆ ಬಂದು ಅವರ ಎದುರಿಗೆ ಕೂತು, ಮೀಟರು ಎಲ್ಲಿ ನೇತಾಡುತ್ತದೆ, ಬಾಗಿಲ ಯಾವ ಕಡೆ, ಹೇಗೆ ಕೇಳಬೇಕು ಎಂದು ಒಂದೊಂದಾಗಿ ಹೇಳಿದಳು. ಒಬ್ಬ ತಲೆ ಅಲ್ಲಾಡಿಸಿದ. ಇನ್ನೊಬ್ಬ ಕೇಳಿಸಿಕೊಳ್ಳುತ್ತಲೇ ಎಲೆಯ ಮೇಲೆ ಬೆರಳಿನಿಂದ ಏನೋ ಗೀರುತ್ತಿದ್ದ.

ಅತ್ತೆ ಸಾರಿನ ಪಾತ್ರೆ ಹಿಡಿದುಕೊಂಡೇ ಅವರ ಮುಂದೆ ನಿಂತರು.

"ಅವ್ರೇನಾರ ಹೇಳ್ಲಿ. ಸೋರ್ಲಿ, ಸುರೀಲಿ. ಬಗ್ಗಬ್ಯಾಡಿ ಕಣ್ರಪ್ಪ."

ಇಬ್ಬರೂ ಇಲ್ಲವ್ವ, ಬಗ್ಗಾಕಿಲ್ಲ ಎಂದರು. ಅತ್ತೆ ಎಲೆಗಳಿಗೆ ಇನ್ನೊಂದು ಸೌಟು ಸಾರು ಬಿಟ್ಟರು. ಇಬ್ಬರೂ ಎಲೆಯ ಮೇಲೆ ಬಗ್ಗಿ ಉಣ್ಣತೊಡಗಿದರು.